ಕೊನೆಯ ಸಿಡಿ ಮಾತ್ರ

ಗುಜರಿಯವನು ಕೆಟ್ಟ ಮಿಕ್ಸಿ ತಗೊಂಡ, ಸೋರುವ ಬಕೆಟ್ ತಗೊಂಡ, ನಾನು ಜೋಪಾನ ಮಾಡಿದ್ದ ದೀಪಾವಳಿ ವಿಶೇಷಾಂಕಗಳನ್ನು ನನ್ನ ಕಣ್ಣೆದುರಿಗೇ ರದ್ದಿ ರೇಟಿಗೆ ತೂಗಿದ. ಸಿಡಿ ಚೀಲವನ್ನು ಮಾತ್ರ ಬಿಚ್ಚಿ ನೋಡಿ ಹಾಗೇ ನನ್ನ ಕಡೆ ತಳ್ಳಿದ. "ಇದು ಹೋಗಲ್ಲ ಸಾರ್. ಡಬ್ಬಿ ಇದ್ರೆ ಕೊಡಿ, ಪ್ಲಾಸ್ಟಿಕ್ ಲೆಕ್ಕಕ್ಕೆ ಹಾಕ್ಕೋತೀನಿ."

ಡಬ್ಬಿ ಎಲ್ಲಿಂದ ತರುವುದು? ಆ ಡಬ್ಬಿಗಳೆಲ್ಲ ನಮ್ಮ ಬೀದಿಯ ಬೇರೆ ಬೇರೆ ಮನೆಗಳಲ್ಲಿವೆ. ಅವುಗಳ ಜೊತೆ ಮೊದಲ ಸಿಡಿಯೂ ಇದೆ. ಚೀಲದಲ್ಲಿದ್ದದ್ದು ಬರೀ ಕೊನೆಯ ಸಿಡಿಗಳು. 'ಕಸ್ತೂರಿ ನಿವಾಸ'ದ ಪಾರಿವಾಳದ ಪ್ರಸಂಗ ನಮ್ಮಲ್ಲಿದೆ, ಅದಕ್ಕೆ ಮೊದಲಿನ ಐಶ್ವರ್ಯ ಇಲ್ಲ. ಯಾವ ಚಿತ್ರದ ಸಿಡಿ ತೆಗೆದರೂ ಇದೇ ಕಥೆ. ಹಾಸ್ಯ, ಕಾಲೇಜು, ಮೊದಲ ನೋಟ, ಮರ ಸುತ್ತುವ ಹಾಡು ಎಲ್ಲ ಊರ ಮೇಲೆ ಹೋಗಿ, ಕೋರ್ಟು, ಆಸ್ಪತ್ರೆ, ಹೊಡೆದಾಟ ಮತ್ತು ಗೋಳು ನಮ್ಮ ಪಾಲಿಗೆ ಉಳಿದಿವೆ.

ಇದಕ್ಕೆ ಕಾರಣ ಯಾರ ಕೆಟ್ಟ ಬುದ್ಧಿಯೂ ಅಲ್ಲ. ಸಿನಿಮಾ ಮುಗಿದಾಗ ಕೊನೆಯ ಸಿಡಿ ಪ್ಲೇಯರಿನ ಹೊಟ್ಟೆಯಲ್ಲೇ ಇರುತ್ತದೆ. ಟಿವಿ ಆರಿಸಿ ಎಲ್ಲರೂ ಮಲಗುತ್ತಾರೆ. ಮಾರನೇ ದಿನ ಯಾರೋ ಬಂದು "ಒಂದಿನಕ್ಕೆ ಕೊಟ್ಟಿರಿ" ಎಂದಾಗ ಡಬ್ಬಿಯನ್ನು ಹಾಗೇ ಎತ್ತಿ ಕೊಡುತ್ತೇವೆ. ಬಿಚ್ಚಿ ನೋಡಿ ಕೊಡುವುದು ಮರ್ಯಾದೆಯೂ ಅಲ್ಲ.

ಎದುರು ಮನೆ ಮೇಷ್ಟ್ರ ಸಂಸಾರ ನಮ್ಮಿಂದ ಒಯ್ದ ಡಬ್ಬಿಗಳಿಗೆ ಲೆಕ್ಕವಿಲ್ಲ. ಸಂಜೆ ಏಳಕ್ಕೆ ಹಚ್ಚಿದರೆ ಎಂಟೂಕಾಲಿಗೆ ಮೊದಲ ಸಿಡಿ ಮುಗಿಯುತ್ತದೆ. ಎಂಟೂವರೆಗೆ ನಮ್ಮ ಗೇಟಿನ ಚಿಲಕ ಸದ್ದಾಗುತ್ತದೆ. ಮೇಷ್ಟ್ರು ಒಳಗೆ ಬರುವುದಿಲ್ಲ, ಹೊಸ್ತಿಲಾಚೆ ನಿಂತು, "ಎರಡನೇದು ಇಲ್ವಲ್ಲ ಇವ್ರೇ" ಎನ್ನುತ್ತಾರೆ, ಪರೀಕ್ಷೆಯಲ್ಲಿ ಅಡಿಷನಲ್ ಶೀಟು ಕೇಳುವ ಹುಡುಗನ ಸಂಕೋಚದಲ್ಲಿ. ನಾನು ಪ್ಲೇಯರ್ ಒತ್ತುತ್ತೇನೆ, ಝೂಂ ಎಂದು ನಾಲಿಗೆ ಹೊರಬರುತ್ತದೆ, ಸಿಡಿ ಅಲ್ಲೇ ಕೂತಿದೆ. ತೆಗೆದು ಕೊಡಬಹುದಿತ್ತು. ಆದರೆ ನನ್ನ ಹೆಂಡತಿ ಒಳಗಿಂದಲೇ, "ಇಲ್ಲೇ ನೋಡಿ ಮೇಷ್ಟ್ರೇ, ಅಕ್ಕನ್ನೂ ಕರೀರಿ, ಹೇಗೂ ಇಲ್ಲೇ ಹಾಕಿದೆ" ಎಂದುಬಿಡುತ್ತಾಳೆ. ಅಕ್ಕ ಬರುತ್ತಾರೆ, ಕೈಯಲ್ಲಿ ಅರ್ಧ ಸುಲಿದ ಅವರೆಕಾಯಿ. ಹಿಂದೆ ಎರಡು ಮಕ್ಕಳು. ಅದರ ಹಿಂದೆ ಮೇಷ್ಟ್ರ ತಾಯಿ, ಮೊದಲರ್ಧದಲ್ಲಿ ನಿದ್ದೆ ಮಾಡಿದವರು, ಈಗ ಪೂರ್ತಿ ಎಚ್ಚರ. ನಾವು ಹಿಂದಿನ ರಾತ್ರಿಯಷ್ಟೇ ನೋಡಿದ್ದ ಕ್ಲೈಮ್ಯಾಕ್ಸನ್ನು ಅವರ ಜೊತೆ ಮತ್ತೆ ನೋಡುತ್ತೇವೆ, ಅವರಿಗಿಂತ ಮೊದಲೇ ಅಳುತ್ತೇವೆ. ಚಿತ್ರ ಮುಗಿದು ಅವರು ಹೋಗುವಾಗ ಅವರೆಕಾಳಿನ ಸಿಪ್ಪೆ ನಮ್ಮ ಮನೆಯಲ್ಲಿ ಉಳಿಯುತ್ತದೆ, ಡಬ್ಬಿ ಅವರ ಮನೆಯಲ್ಲಿ ಉಳಿಯುತ್ತದೆ.

ಹೀಗಾಗಿ ನನ್ನ ಮಗಳು 'ನಾಗರಹಾವು' ಚಿತ್ರವನ್ನು ಬಾಲದ ಕಡೆಯಿಂದ ಬಲ್ಲವಳು. ಪುಟ್ಟಣ್ಣನವರು ಅಷ್ಟು ಶ್ರಮಪಟ್ಟು ಕಟ್ಟಿದ ರಾಮಾಚಾರಿಯ ಹುಡುಗಾಟ, ಪ್ರಿನ್ಸಿಪಾಲರ ಪ್ರಸಂಗ, ಅಲಮೇಲು ವೃತ್ತಾಂತ ಯಾವುದೂ ಅವಳ ಪಾಲಿಗೆ ಇರಲಿಲ್ಲ. ಹೋಟೆಲಿನಲ್ಲಿ ಯಾವಳೋ ಹೆಂಗಸನ್ನು ಕಂಡು ವಿಷ್ಣುವರ್ಧನ್ ಯಾಕೆ ಹಾಗೆ ಕುಸಿಯುತ್ತಾನೆ ಎಂದು ಅವಳು ಕೇಳಿದಾಗ, "ಅದು ಮೊದಲನೇ ಸಿಡಿಯಲ್ಲಿದೆ" ಎಂದು ಹೇಳುವುದು ನಮಗೆ ರೂಢಿಯಾಗಿತ್ತು. ಆಮೇಲೆ ಮನೆಯಲ್ಲಿ ಅದೊಂದು ಮಾತೇ ಆಯಿತು. ಪಕ್ಕದ ಬೀದಿಯ ಅಣ್ಣತಮ್ಮಂದಿರು ಯಾಕೆ ಮಾತಾಡುವುದಿಲ್ಲ? ಅದು ಮೊದಲನೇ ಸಿಡಿಯಲ್ಲಿದೆ.

ಇಷ್ಟಕ್ಕೂ ಸಿನಿಮಾವನ್ನು ತುಂಡು ಮಾಡಿದವರು ಯಾರು? ಹುಡುಕಿಕೊಂಡು ಹೋದರೆ ಆರೋಪಿಗಳ ಸಾಲಿನಲ್ಲಿ ಬೀಥೋವನ್ ಸಿಗುತ್ತಾನೆ.

1979ರಲ್ಲಿ ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಕಂಪನಿಗಳ ಎಂಜಿನಿಯರುಗಳು ಸಿಡಿಯ ಅಳತೆ ಗೊತ್ತುಮಾಡಲು ಕೂತರು. ಫಿಲಿಪ್ಸ್‌ನವರದು 11.5 ಸೆಂಟಿಮೀಟರು, ಒಂದು ಗಂಟೆಯ ಸಂಗೀತ. ಅವರದೇ ಆಡಿಯೋ ಕ್ಯಾಸೆಟ್ಟಿನ ಮೂಲೆಯಿಂದ ಮೂಲೆಗೆ ಅಳೆದರೆ ಅಷ್ಟೇ ಇತ್ತು. ಸೋನಿಯಲ್ಲಿ ನೊರಿಯೊ ಓಗಾ ಎಂಬ ದೊಡ್ಡ ಅಧಿಕಾರಿ. ಈತ ಓದಿದ್ದು ಸಂಗೀತ, ಗಂಟಲು ಪಳಗಿಸಿದ್ದು ಆಪೆರಾಕ್ಕೆ. ವಿದ್ಯಾರ್ಥಿಯಾಗಿದ್ದಾಗ ಆ ಕಂಪನಿಯ ಟೇಪ್ ರೆಕಾರ್ಡರ್ ಸರಿಯಿಲ್ಲ ಎಂದು ಕಾಗದ ಬರೆದ. ಅವರು ಇವನನ್ನೇ ಕೆಲಸಕ್ಕೆ ಕರೆದುಕೊಂಡರು, 1982ರಲ್ಲಿ ಅಧ್ಯಕ್ಷನನ್ನೂ ಮಾಡಿದರು. ದೂರು ಬರೆದವನಿಗೆ ಇಷ್ಟು ಬಡ್ತಿ ಸಿಕ್ಕಿದ್ದನ್ನು ನಾನು ಇನ್ನೆಲ್ಲೂ ಕೇಳಿಲ್ಲ. ಈ ಓಗಾ ಹಟ ಹಿಡಿದನಂತೆ: ಬೀಥೋವನ್‌ನ ಒಂಬತ್ತನೇ ಸಿಂಫನಿ ಪೂರ್ತಿ ಒಂದೇ ಸಿಡಿಯಲ್ಲಿ ಕೂರಬೇಕು, ಮಧ್ಯೆ ಎದ್ದು ಬದಲಾಯಿಸುವ ಹಾಗಿರಬಾರದು. ಆಗ ಅತಿ ನಿಧಾನದ ಧ್ವನಿಮುದ್ರಿಕೆ ಯಾವುದೆಂದು ಹುಡುಕಿದರಂತೆ. 1951ರಲ್ಲಿ ಜರ್ಮನಿಯ ಬೈರಾಯ್ಟಿನಲ್ಲಿ ಫುರ್ಟ್‌ವೆಂಗ್ಲರ್ ನಡೆಸಿಕೊಟ್ಟದ್ದು ಸಿಕ್ಕಿತಂತೆ, 74 ನಿಮಿಷ. ಸಿಡಿ 12 ಸೆಂಟಿಮೀಟರಿಗೆ ಬೆಳೆಯಿತು.

ಇಲ್ಲಿ ಇಷ್ಟು "ಅಂತೆ" ಯಾಕೆ ಎಂದರೆ, ಆ ಕೆಲಸದಲ್ಲಿದ್ದ ಫಿಲಿಪ್ಸ್‌ನ ಎಂಜಿನಿಯರ್ ಕೇಸ್ ಇಮ್ಮಿಂಕ್ ಇದನ್ನು ಒಪ್ಪುವುದಿಲ್ಲ. ಹ್ಯಾನೋವರ್‌ನಲ್ಲಿ ಫಿಲಿಪ್ಸ್ ಬಳಗದ ಕಾರ್ಖಾನೆ 11.5 ಸೆಂಟಿಮೀಟರಿಗೆ ಸಜ್ಜಾಗಿ ನಿಂತಿತ್ತು. ಸೋನಿಗೆ ಅಂಥದ್ದೇನೂ ಇರಲಿಲ್ಲ. ಅಳತೆ ಬದಲಾದರೆ ಇಬ್ಬರೂ ಒಂದೇ ಗೆರೆಯಿಂದ ಓಟ ಶುರುಮಾಡಬೇಕಾಗುತ್ತಿತ್ತು. ವ್ಯಾಪಾರದ ಲೆಕ್ಕ ಇದು, ಸಂಗೀತ ಪ್ರೇಮ ಅಲ್ಲ ಎಂಬುದು ಆತನ ವಾದ. ಅವನು ಹೇಳುವುದೇ ನಿಜ ಇರಬೇಕು. ಆದರೂ ನನ್ನ ಮತ ಓಗಾನಿಗೆ. ಕಾರ್ಖಾನೆಯ ಲೆಕ್ಕವನ್ನು ಊಟ ಬಡಿಸುತ್ತ ಹೇಳಿದರೆ ಯಾರು ಕೇಳುತ್ತಾರೆ?

1993ರಲ್ಲಿ ಅದೇ ಸಿಡಿಗೆ ಚಿತ್ರವನ್ನೂ ತುಂಬುವ ವಿದ್ಯೆ ಬಂತು, ವಿಸಿಡಿ. ತಿರುಗುವ ವೇಗ ಹಾಡಿನ ಸಿಡಿಯದೇ ಆದ್ದರಿಂದ ಹಿಡಿಯುವ ಹೊತ್ತೂ ಅದೇ, 74 ನಿಮಿಷ. ಚಿತ್ರವನ್ನು 352 ಅಡ್ಡ, 288 ಉದ್ದ ಚುಕ್ಕಿಗಳಿಗೆ ಹಿಂಡಿ ಕೂರಿಸಿದ್ದರು. ಎರಡೂವರೆ ಗಂಟೆಯ ಕನ್ನಡ ಸಿನಿಮಾ ಅದರಲ್ಲಿ ಹಿಡಿಯುವುದೆಲ್ಲಿಂದ ಬಂತು? ಎರಡು, ಉದ್ದವಾದರೆ ಮೂರು. ಮಧ್ಯೆ ಎದ್ದು ಬದಲಾಯಿಸಬಾರದು ಎಂದು ಜರ್ಮನ್ ಸಂಗೀತಕ್ಕಾಗಿ ಗೊತ್ತುಮಾಡಿದ ಅಳತೆ, ಹಾಸನದಲ್ಲಿ ನಮ್ಮನ್ನು ಎದ್ದು ಬದಲಾಯಿಸುವಂತೆ ಮಾಡಿತು. ಅದೂ ಎಲ್ಲಿ? ನಿರ್ದೇಶಕರು ಯೋಚಿಸಿ ಇಟ್ಟ ಇಂಟರ್ವಲ್ಲಿನಲ್ಲಿ ಅಲ್ಲ. ಪಲ್ಲವಿ ಮುಗಿದು ಚರಣ ಶುರುವಾಗುವಾಗ, ಬಾಗಿಲು ತಟ್ಟಿದ ಸದ್ದಾಗಿ ನಾಯಕಿ ತಿರುಗುವಾಗ.

ಅಮೆರಿಕದಲ್ಲಿ ಈ ವಿಸಿಡಿ ಕಾಲೂರಲೇ ಇಲ್ಲ. ಇದನ್ನು ಹೊತ್ತು ಮೆರೆಸಿದವರು ಚೀನಾದವರು, ಹಾಂಗ್‌ಕಾಂಗ್‌ನವರು, ನಾವು. ಗೀರು ಬಿದ್ದರೆ ಬನಿಯನ್ನಿನಲ್ಲಿ ನಡುವಿನಿಂದ ಅಂಚಿಗೆ ಒರೆಸುವುದು, ಬಗ್ಗದಿದ್ದರೆ ಟೂತ್‌ಪೇಸ್ಟ್ ಸವರಿ ತೊಳೆಯುವುದು, ಆದರೂ ಹಟ ಮಾಡಿದರೆ ಉಫ್ ಎಂದು ಊದುವುದು. ಅಷ್ಟಾದ ಮೇಲೂ ಚಿತ್ರ ಚೌಕ ಚೌಕವಾಗಿ ಒಡೆದು, ರಾಜ್‌ಕುಮಾರರ ಮೂಗು ಒಂದು ಕಡೆ, ನಗು ಇನ್ನೊಂದು ಕಡೆ ನಿಂತಿರುತ್ತಿತ್ತು. ಅದಕ್ಕಿಂತ ಹಿಂದಿನ ವಿಡಿಯೋ ಕ್ಯಾಸೆಟ್ಟಿನಲ್ಲಿ ಈ ಗೋಳು ಇರಲಿಲ್ಲ. ಇ-180 ಎಂದರೆ ಮೂರು ಗಂಟೆ, ನಮ್ಮ ಸಿನಿಮಾದ ಅಳತೆ ತಗೊಂಡೇ ಹೊಲಿದ ಹಾಗೆ. ಬದಲಿಗೆ ನಾಯಕಿ ಪ್ರಾಣ ಬಿಡುವಾಗ ಅವಳ ಕತ್ತಿನ ಮೇಲೆ ಸೀರೆ ಅಂಗಡಿಯ ಜಾಹೀರಾತು ಬಲದಿಂದ ಎಡಕ್ಕೆ ಹರಿದು ಹೋಗುತ್ತಿತ್ತು.

2007ರ ಸುಮಾರಿಗೆ ಮೋಸರ್ ಬೇಯರ್‌ನವರು 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಬಿಟ್ಟರು. ನೂರಕ್ಕೆ ಮೇಲಿದ್ದ ಸರಕು ಸೊಪ್ಪಿನ ರೇಟಿಗೆ ಇಳಿಯಿತು. ನಮ್ಮಂಥವರು ಸಿನಿಮಾ ಕೊಂಡುಕೊಳ್ಳಲು ಶುರುಮಾಡಿದ್ದೇ ಆಗ. ಅದಕ್ಕೆ ಮೊದಲು ಬಾಡಿಗೆ ತರುತ್ತಿದ್ದೆವು, ಅದಕ್ಕೂ ಮೊದಲು ಟಾಕೀಸಿಗೆ ಹೋಗುತ್ತಿದ್ದೆವು. ಮನೆಯ ಶೋಕೇಸಿನಲ್ಲಿ ಗೊಂಬೆ, ಕಪ್ಪು, ಸ್ಟೀಲ್ ಲೋಟಗಳ ಪಕ್ಕ ಒಂದು ಚಲನಚಿತ್ರವನ್ನೂ ಇಡಬಹುದು ಎಂಬುದು ಎಂಥ ಶ್ರೀಮಂತಿಕೆ! ಆ ಕಂಪನಿ 2018ರಲ್ಲಿ ಮುಚ್ಚುವ ಹಾದಿ ಹಿಡಿಯಿತು. ಅದಕ್ಕೆ ಎರಡು ವರ್ಷ ಮುಂಚೆ ಜಪಾನಿನ ಫುನೈ ವಿಸಿಆರ್ ಮಾಡುವುದನ್ನು ಬಿಟ್ಟಿತ್ತು. 2025ರ ಫೆಬ್ರವರಿಯಲ್ಲಿ ಸೋನಿ ರೆಕಾರ್ಡ್ ಮಾಡುವ ಬ್ಲೂ-ರೇ ಡಿಸ್ಕನ್ನೂ ನಿಲ್ಲಿಸಿತು.

ಡಿಸ್ಕು ಪೂರ್ತಿ ಸತ್ತುಹೋಗುತ್ತದೆ ಎಂದು ನನಗನಿಸುವುದಿಲ್ಲ. ದುಬಾರಿ ಡಬ್ಬಿಯಲ್ಲಿ, ಜೊತೆಗೊಂದು ಪುಸ್ತಕ ಇಟ್ಟುಕೊಂಡು, ಸಾವಿರಾರು ರೂಪಾಯಿ ಕೊಡಬಲ್ಲವರಿಗಾಗಿ ಬದುಕಿರುತ್ತದೆ. 28 ರೂಪಾಯಿಯದು ಮಾತ್ರ ಇನ್ನು ಬರುವುದಿಲ್ಲ. ಅಂಥ ದುಬಾರಿ ಡಬ್ಬಿಯನ್ನು ಕೊಂಡವನು ಎದುರು ಮನೆಗೂ ಕೊಡುವುದಿಲ್ಲ.

ಈಗಿನ ಆನ್‌ಲೈನ್ ವ್ಯವಸ್ಥೆಯ ಮೇಲೆ ನನಗಿರುವ ತಕರಾರು ಇದೊಂದೇ. ಚಿತ್ರ ಸ್ವಚ್ಛ, ಧ್ವನಿ ಸ್ವಚ್ಛ, ಟೂತ್‌ಪೇಸ್ಟ್ ಹಲ್ಲಿಗೇ ಉಳಿಯುತ್ತದೆ, ಎಲ್ಲ ಒಪ್ಪಿದೆ. ಆದರೆ ಕೈಗಡ ಕೊಡುವ ಹಾಗಿಲ್ಲ. 2023ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ನಮ್ಮ ದೇಶದಲ್ಲೂ ಪಾಸ್‌ವರ್ಡು ಒಂದೇ ಮನೆಯವರಿಗೆ ಎಂದಿತು. ಮೇಷ್ಟ್ರು ಒಂದೇ ಮನೆಯವರೋ ಅಲ್ಲವೋ ಎಂಬುದನ್ನು ಅವರಿಗೆ ವಿವರಿಸುವುದು ಹೇಗೆ? ತಮಾಷೆಯೆಂದರೆ ಇದೇ ಕಂಪನಿ ಹುಟ್ಟಿದ್ದು ಡಿವಿಡಿಯನ್ನು ಅಂಚೆಯಲ್ಲಿ ಬಾಡಿಗೆಗೆ ಕಳಿಸಲು, 1997ರಲ್ಲಿ. ಕೆಂಪು ಲಕೋಟೆಯಲ್ಲಿ 500 ಕೋಟಿಗೂ ಹೆಚ್ಚು ಡಿಸ್ಕು ಕಳಿಸಿ, 2023ರ ಸೆಪ್ಟೆಂಬರ್ 29ರಂದು ಕೊನೆಯದನ್ನು ಅಂಚೆಗೆ ಹಾಕಿದರು. ಆ ಕೊನೆಯ ಡಿಸ್ಕುಗಳನ್ನು ವಾಪಸ್ ಕೊಡಬೇಡಿ, ನೀವೇ ಇಟ್ಟುಕೊಳ್ಳಿ ಎಂದರು. ನಮ್ಮ ಬೀದಿಯಲ್ಲಿ ಮೊದಲಿಂದ ನಡೆದುಬಂದ ಪದ್ಧತಿಯನ್ನು ಅಮೆರಿಕದವರು ಅಂಗಡಿ ಮುಚ್ಚುವ ದಿನ ಕಲಿತರು.

ಕೊಟ್ಟು ಕಳಕೊಳ್ಳುವುದು ನಷ್ಟವೇ? 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಹತ್ತಿರ ಪ್ಯಾರಾಮೌಂಟ್ ಟಾಕೀಸಿನಲ್ಲಿ 'ಸತಿ ಸುಲೋಚನ' ತೆರೆಕಂಡಿತು. ಪರದೆಯ ಮೇಲೆ ಮಾತಾಡಿದ ಮೊದಲ ಕನ್ನಡ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ನಾಗೇಂದ್ರ ರಾವ್, ತ್ರಿಪುರಾಂಬ. ಚಿತ್ರೀಕರಣ ಕೊಲ್ಹಾಪುರದಲ್ಲಿ. ಜನ ಮುಗಿಬಿದ್ದು ನೋಡಿದ ಆ ಚಿತ್ರದ ಒಂದು ಪ್ರತಿಯೂ ಈಗ ಇಲ್ಲ. ಮೊದಲ ರೀಲೂ ಇಲ್ಲ, ಕೊನೆಯದೂ ಇಲ್ಲ. ಇದ್ದ ಕೆಲವೇ ಪ್ರಿಂಟುಗಳು ಇರಬೇಕಾದವರ ಹತ್ತಿರ ಮಾತ್ರ ಇದ್ದಿರಬೇಕು. ಬೇಜವಾಬ್ದಾರಿಯಿಂದ ವಾಪಸ್ ಕೊಡದವನೊಬ್ಬ, ಅಟ್ಟದ ಮೇಲೆಸೆದು ಮರೆತವನೊಬ್ಬ ಇದ್ದಿದ್ದರೆ? ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದು. ಪುಣೆಯ ಆರ್ಕೈವ್‌ನಲ್ಲಿ ಮೂಲ ನೆಗೆಟಿವ್ ಉಳಿದಿತ್ತು ಎಂಬ ಕಾರಣಕ್ಕೆ ಅದನ್ನು ಹೊಸದು ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನನ್ನ ಸಿಡಿ ಚೀಲದಿಂದ ಯಾವ ಚಿತ್ರವೂ ವೆನಿಸ್‌ಗೆ ಹೋಗುವುದಿಲ್ಲ, ಅದು ಗೊತ್ತು. ಅದರಲ್ಲಿರುವುದು ಚಿತ್ರದ ನೆರಳು, ಅದೂ ಅರ್ಧ. ಆದರೆ ನಾನು ದುಡ್ಡು ಕಟ್ಟುವ ಒಂದು ಆಪ್‌ನಲ್ಲಿ ಹೋದ ತಿಂಗಳಿದ್ದ ಸಿನಿಮಾ ಈ ತಿಂಗಳು ಇರುವುದಿಲ್ಲ. ಹೋದದ್ದೆಲ್ಲಿಗೆ ಎಂದು ಕೇಳಲು ಯಾರ ಗೇಟಿನ ಚಿಲಕ ಅಲ್ಲಾಡಿಸಲಿ? ಮೇಷ್ಟ್ರ ಮನೆಗೆ ಹೋದದ್ದು ಕಡೇಪಕ್ಷ ಮೇಷ್ಟ್ರ ಮನೆಯಲ್ಲಿರುತ್ತದೆ.

ಇದನ್ನೆಲ್ಲ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ಕೇಳಿಸಿಕೊಂಡು, "ಅಪ್ಪಾ, 'ನಾಗರಹಾವು' ಮೊಬೈಲಲ್ಲೇ ಫುಲ್ ಇದೆ, ಮೆಟ್ರೋದಲ್ಲಿ ಹೋಗ್ತಾ ಬರ್ತಾ ನೋಡ್ತಿದೀನಿ" ಅಂದಳು. ಅಂದರೆ ಅಲಮೇಲು ಯಾರು ಎಂಬುದು ಇವಳಿಗೆ ಕೊನೆಗೂ ಗೊತ್ತಾಯಿತು, ನಾನು ಇಷ್ಟು ಬೈದ ಅದೇ ವ್ಯವಸ್ಥೆಯಿಂದ. ಮೇಷ್ಟ್ರು ವಾಪಸ್ ಕೊಡದ ಸಿಡಿಯನ್ನು ಅದು ಕೊಟ್ಟಿದೆ.

"ಪೂರ್ತಿ ನೋಡಿದೆಯಾ?" ಎಂದು ಕೇಳಿದೆ.

"ಅಲಮೇಲು ಮದುವೆವರೆಗೂ ನೋಡಿದೆ. ಆಮೇಲಿಂದು ನೋಡಿದೀನಲ್ಲ."