ಹಿಟ್ಟಿನ ಕೋಳಿ ಮತ್ತು ಬೆಳ್ಳಿತೆರೆ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಪ್ರಯೋಜನವಿಲ್ಲದ ಪಾಪದಿಂದ ದೂರವಿರುವುದೇ ಅದರ ಸಾರ. ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ 'ದುಃಶ್ರುತಿ'ಯನ್ನೂ ಸೇರಿಸಿದ್ದಾರೆ. ಚಿತ್ತವನ್ನು ರಾಗದ್ವೇಷಗಳಿಂದ ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದೇ ದುಃಶ್ರುತಿ. ಅಂದು ಕಿವಿಯಿಂದ ಕೇಳುತ್ತಿದ್ದ ಕಥೆಯನ್ನು ಇಂದು ಕಣ್ಣಿನಿಂದಲೂ ನೋಡುತ್ತೇವೆ. ಹಾಗಾದರೆ ಚಲನಚಿತ್ರಗಳೆಲ್ಲವೂ ದುಃಶ್ರುತಿಯೇ?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಕಳೆದ ಬೇಸಗೆಯ ರಜೆಯಲ್ಲಿ ಒಂದು ತಿಂಗಳ ಕಾಲ ಮೊಮ್ಮಕ್ಕಳೊಡನೆ ಕುಳಿತು ಚಲನಚಿತ್ರಗಳನ್ನು ನೋಡಿದೆನು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಲ್ಲಿ ಸಂಜೆ ದೀರ್ಘವಾಗಿರುತ್ತದೆ. ಕೆಲವನ್ನು ಅವರು ಆರಿಸಿದರು, ಕೆಲವನ್ನು ನಾನು.

ಅವರ ಮೊದಲ ಆಯ್ಕೆ 2022ರಲ್ಲಿ ತೆರೆಕಂಡ 'ಕೆ.ಜಿ.ಎಫ್: ಚಾಪ್ಟರ್ 2'. ತಾಂತ್ರಿಕವಾಗಿ ಅದರಲ್ಲಿ ಕೊರತೆಯೇನೂ ಕಾಣಲಿಲ್ಲ. ಆದರೆ ನಾಯಕನು ಗುಂಡಿನ ಮಳೆಗರೆದು, ಕಾದು ಕೆಂಪಾದ ಬಂದೂಕಿನ ನಳಿಗೆಯಿಂದಲೇ ಸಿಗರೇಟು ಹಚ್ಚಿಕೊಂಡಾಗ ಹಿರಿಯ ಮೊಮ್ಮಗ ಚಪ್ಪಾಳೆ ತಟ್ಟಿದನು. ನಾನು ಅವನತ್ತ ನೋಡಿದಾಗ, "ಅಜ್ಜಾ, ಇದೆಲ್ಲ ಸುಳ್ಳು. ನಿಜವಾಗಿ ಯಾರೂ ಸಾಯುವುದಿಲ್ಲ" ಎಂದನು.

ಅವನ ಮಾತು ನನಗೆ ಕ್ರಿ.ಶ. 1209ರಲ್ಲಿ ಜನ್ನಕವಿ ರಚಿಸಿದ 'ಯಶೋಧರ ಚರಿತೆ'ಯನ್ನು ನೆನಪಿಗೆ ತಂದಿತು. ಯಶೋಧರನೂ ನಿಜವಾದ ಪ್ರಾಣಿಯನ್ನು ಕೊಲ್ಲಲಿಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದಲ್ಲಿ ಹಿಂಸೆಯಿದ್ದುದರಿಂದ ತಾಯಿ ಮಗ ಇಬ್ಬರೂ ನಾಯಿ, ನವಿಲು ಮೊದಲಾದ ಜನ್ಮಗಳಲ್ಲಿ ತೊಳಲಬೇಕಾಯಿತು. ಈ ಕಥೆಯನ್ನು ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಕೆಟ್ಟವರನ್ನು ಹೊಡೆದರೂ ತಪ್ಪೇ?" ಎಂದು ಕೇಳಿದನು.

ಇದು ನ್ಯಾಯವಾದ ಪ್ರಶ್ನೆ. ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು. ಆತ್ಮರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆ ಅವನಿಗೆ ಅನಿವಾರ್ಯವಾಗಬಹುದು. ಇಂತಹ ಚಿತ್ರಗಳ ನಾಯಕನೂ ಈ ನೆಪದಿಂದಲೇ ಆಯುಧ ಹಿಡಿಯುತ್ತಾನೆ. ಆದರೆ ಅನಿವಾರ್ಯವಾದುದನ್ನು ಮಾಡುವವನಿಗೆ ವಿಷಾದವಿರಬೇಕು. ಇಲ್ಲಿ ವಿಷಾದದ ಜಾಗದಲ್ಲಿ ಸಂಭ್ರಮವಿದೆ. ಹಿಂಸೆಯಲ್ಲಿ ಆನಂದಪಡುವುದನ್ನು ನಮ್ಮ ಶಾಸ್ತ್ರಗಳು ರೌದ್ರಧ್ಯಾನದಲ್ಲಿ ಎಣಿಸಿವೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಈ ಮೂರರಲ್ಲಿ ಪ್ರೇಕ್ಷಕನ ಪಾಲಿಗೆ ಬರುವುದು ಮೂರನೆಯದು. ಚಪ್ಪಾಳೆಯೆಂದರೆ ಅನುಮೋದನೆಯಲ್ಲದೆ ಮತ್ತೇನು?

ಮರುವಾರ ನಾನು ಆರಿಸಿದ್ದು ಗಿರೀಶ ಕಾಸರವಳ್ಳಿಯವರ 'ತಬರನ ಕಥೆ'. ನಿವೃತ್ತನಾದ ತಬರ ಪಿಂಚಣಿಗಾಗಿ ಕಚೇರಿಯ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿರುವಾಗ, ಅತ್ತ ಮಧುಮೇಹದಿಂದ ಅವನ ಹೆಂಡತಿಯ ಕಾಲು ಕೊಳೆಯುತ್ತದೆ. ಇಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ. ಕಡತ ಮುಂದೆ ಹೋಗುವುದಿಲ್ಲ, ಅಷ್ಟೆ. ಉಮಾಸ್ವಾಮಿ ಆಚಾರ್ಯರು 'ತತ್ತ್ವಾರ್ಥಸೂತ್ರ'ದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟದ್ದೇಕೆಂಬುದು ಈ ಚಿತ್ರದಿಂದ ಮಕ್ಕಳಿಗೂ ತಿಳಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಿರಿಯವಳು ಮಾತ್ರ, "ಆ ಗುಮಾಸ್ತರು ಒಂದು ಸಹಿ ಹಾಕಿದ್ದರೆ ಆಗುತ್ತಿತ್ತಲ್ಲ?" ಎಂದು ಕೇಳಿದಳು.

ತಿಂಗಳ ಕೊನೆಗೆ ನೋಡಿದ್ದು ಆನಂದ ಗಾಂಧಿಯವರ 'ಶಿಪ್ ಆಫ್ ಥೀಸಿಯಸ್'. ಪ್ರಾಣಿಗಳ ಮೇಲಿನ ಪ್ರಯೋಗಗಳ ವಿರುದ್ಧ ಹೋರಾಡುವ ಸಾಧುವೊಬ್ಬರು ಯಕೃತ್ತಿನ ರೋಗಕ್ಕೆ ತುತ್ತಾಗಿಯೂ, ಅಂತಹ ಪ್ರಯೋಗಗಳಿಂದ ಬಂದ ಔಷಧಿಯನ್ನು ನಿರಾಕರಿಸುತ್ತಾರೆ. ಕೊನೆಗೆ ಚಿಕಿತ್ಸೆಗೆ ಒಪ್ಪುತ್ತಾರೆ. ಅದು ಸೋಲೋ ವಿವೇಕವೋ ಎಂದು ಮಕ್ಕಳು ಮಲಗುವವರೆಗೂ ವಾದಿಸಿದರು. ನನಗೆ ಆ ಮುಕ್ತಾಯ ರುಚಿಸಲಿಲ್ಲ. ಆದರೆ ಆ ವಾದ ರುಚಿಸಿತು.

ಹಿಂಸೆಯನ್ನು ತೋರಿಸಿದ ಮಾತ್ರಕ್ಕೆ ಕಥೆ ದುಃಶ್ರುತಿಯಾಗದು. ಹಾಗಾಗುವುದಿದ್ದರೆ ಬಲಿ, ವಿಷಪ್ರಯೋಗಗಳಿಂದ ತುಂಬಿದ 'ಯಶೋಧರ ಚರಿತೆ'ಯನ್ನೇ ನಾವು ದೂರವಿಡಬೇಕಾಗುತ್ತಿತ್ತು. ನೋಡಿ ಎದ್ದಾಗ ಮನಸ್ಸಿನಲ್ಲಿ ಉಳಿಯುವುದು ಕರುಣೆಯೋ ಕ್ರೌರ್ಯವೋ ಎಂಬುದೇ ಒರೆಗಲ್ಲು.

ದಶಲಕ್ಷಣ ಪರ್ವದಲ್ಲಿ ಹಸಿರು ತರಕಾರಿಯನ್ನು ಬಿಡುವ ಕುಟುಂಬಗಳು ಆ ಹತ್ತು ದಿನ ಹಿಂಸಾನಂದದ ಚಿತ್ರಗಳನ್ನೂ ಬಿಡಬಹುದು. ಉಳಿದ ದಿನಗಳಲ್ಲಿ ಹಿರಿಯರು ಬಾಗಿಲು ಮುಚ್ಚಿ ಬೈಯುವುದರ ಬದಲು ಮಕ್ಕಳ ಪಕ್ಕದಲ್ಲಿ ಕುಳಿತು ನೋಡಲಿ, ಮುಗಿದ ಮೇಲೆ ಮಾತನಾಡಲಿ. ನಮ್ಮ ಬಸದಿಗಳ ಆಡಳಿತ ಮಂಡಳಿಗಳು ವರ್ಷಕ್ಕೊಮ್ಮೆಯಾದರೂ ಇಂತಹ ಒಂದು ಚಿತ್ರವನ್ನು ತೋರಿಸಿ ಸಭೆಯಲ್ಲಿ ಚರ್ಚೆ ಏರ್ಪಡಿಸಲಿ. ಇಂದಿನ ಮಕ್ಕಳಿಗೆ ಅನುಮೋದನೆಯೆಂಬ ಶಬ್ದದ ಅರ್ಥವನ್ನು ತಿಳಿಸಲು ಇದಕ್ಕಿಂತ ಹತ್ತಿರದ ದಾರಿ ನನಗೆ ಕಾಣದು.