ನೀರೊಂದೇ ಬಾಕಿ

ವೃದ್ಧಾಪ್ಯದಲ್ಲಿ ಹೊಸ ವಿದ್ಯೆಯನ್ನು ಕಲಿಯಹೋದವನನ್ನು ಕಂಡು ಲೋಕವು ಒಂದಿಷ್ಟು ಹೊಗಳುತ್ತದೆ, ಬಹಳಷ್ಟು ನಗುತ್ತದೆ. ನನ್ನ ಪಾಲಿಗೆ ನಗೆಯೇ ಹೆಚ್ಚು ಬಂದಿತು. ಅದರಲ್ಲಿ ಅನ್ಯಾಯವೇನೂ ಇಲ್ಲ. ಕೈಯಲ್ಲಿ ಖಡು ಹಿಡಿದು 34 ವರ್ಷ ಹುಡುಗರಿಂದ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದ ಮಾಸ್ತರನು, 63ನೆಯ ವಯಸ್ಸಿನಲ್ಲಿ ಮೊಣಕಾಲು ಕಾಣುವ ಚಡ್ಡಿ ತೊಟ್ಟು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ನಮ್ಮ ಕರೋಶಿಯ ಹಾದಿಯಲ್ಲಿ ಹೊಲದ ಬಾವಿಗೆ ಹೊರಟರೆ, ಕಟ್ಟೆಯ ಮೇಲಿನ ಮಂದಿ ನಗದೆ ಮತ್ತೇನು ಮಾಡಬೇಕು? ನನ್ನ ಮನೆಯಾಕೆಯಂತೂ, “ಅಲ್ರೀ, ಈ ವಯಸ್ಸಿನ್ಯಾಗ ಕಾಶಿಗೆ ಹೋಗೂದ ಬಿಟ್ಟು ಬಾವಿಗೆ ಹೊಂಟೀರಲ್ಲ!” ಎಂದು ಹಣೆ ಬಡಿದುಕೊಂಡಳು. ಹೀಗೆ ಹೊರಟುದರ ನಿಜವಾದ ಕಾರಣವನ್ನು ನಾನು ಆಗ ಆಕೆಗೂ ಹೇಳಿರಲಿಲ್ಲ. ಸಹೃದಯರಾದ ವಾಚಕರ ಮುಂದೆ ಇಂದು ಅದನ್ನು ಇಡುತ್ತೇನೆ.

ನಾನು ಕಲಿಯಹೊರಟ ಕ್ರೀಡೆಯ ಹೆಸರು ಟ್ರಯಥ್ಲಾನ್. ಈ ಶಬ್ದವನ್ನು ಮೊದಲು ಕೇಳಿದ್ದು ಬೆಳಗಾವಿಯಲ್ಲಿ ಓದುತ್ತಿರುವ ನನ್ನ ಅಣ್ಣನ ಮೊಮ್ಮಗನ ಬಾಯಿಂದ. ಗ್ರೀಕರ ಭಾಷೆಯ ‘ಟ್ರಿ’ ಎಂದರೆ ನಮ್ಮ ‘ತ್ರಿ’ಯೇ, ‘ಆಥ್ಲಾನ್’ ಎಂದರೆ ಸ್ಪರ್ಧೆ, ಅಥವಾ ಸ್ಪರ್ಧೆಯಲ್ಲಿ ಗೆದ್ದವನು ಪಡೆಯುವ ಬಹುಮಾನ. ಪಾಠಶಾಲೆಯಲ್ಲಿ ಬೆಳೆದವನಿಗೆ ಶಬ್ದದ ಬೇರು ಸಿಕ್ಕಿತೆಂದರೆ ಅರ್ಧ ಅಂಜಿಕೆ ಹೋದಂತೆಯೇ. ಮೊದಲು ಈಸಬೇಕು; ನೀರಿನಿಂದೆದ್ದು ಹಸಿ ಮೈಯಲ್ಲಿಯೇ ಸೈಕಲ್ಲು ತುಳಿಯಬೇಕು; ಸೈಕಲ್ಲಿನಿಂದ ಇಳಿದು ಓಡಬೇಕು. ಆದಿಯಿಂದ ಅಂತ್ಯದ ವರೆಗೆ ಗಡಿಯಾರವು ನಿಲ್ಲುವದಿಲ್ಲ. 1974ರಲ್ಲಿ ಅಮೇರಿಕೆಯ ಸ್ಯಾನ್ ಡಿಯೇಗೋ ನಗರದಲ್ಲಿ ಈ ಹೆಸರಿನ ಪಂದ್ಯವು ಮೊದಲಾಯಿತು. 1978ರಲ್ಲಿ ಹವಾಯಿ ದ್ವೀಪದಲ್ಲಿ 15 ಜನರು 3.8 ಕಿಲೋಮೀಟರು ಈಸಿ, 180 ಕಿಲೋಮೀಟರು ಸೈಕಲ್ಲು ತುಳಿದು, ಅದರ ಮೇಲೆ 42 ಕಿಲೋಮೀಟರು ಓಡುವೆವೆಂದು ಹೊರಟರು. 12 ಜನರು ಮುಗಿಸಿದರು. ಐರನ್‌ಮ್ಯಾನ್ ಎಂಬ ಪ್ರಖ್ಯಾತ ಸ್ಪರ್ಧೆಯ ಮೂಲವು ಇದೇ. 2000ದಲ್ಲಿ ಸಿಡ್ನಿಯ ಒಲಿಂಪಿಕ್ಸಿನಲ್ಲಿ ಟ್ರಯಥ್ಲಾನಿಗೆ ಸ್ಥಾನ ಸಿಕ್ಕಿತು. 2019ರಲ್ಲಿ ನಮ್ಮ ನೆರೆಯ ಗೋವೆಯ ಪಣಜಿಯಲ್ಲಿ ಐರನ್‌ಮ್ಯಾನದ ಅರ್ಧ ದೂರದ ಸ್ಪರ್ಧೆ ನಡೆಯಿತು. 2022ರಲ್ಲಿ ನೈಋತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರ ಅವರು ಜರ್ಮನಿಯ ಹ್ಯಾಂಬರ್ಗದಲ್ಲಿ ಪೂರ್ಣ ದೂರವನ್ನೇ ಮುಗಿಸಿ ಬಂದರು. ನಮ್ಮಂಥ ಹೊಸಬರಿಗೆಂದು ಚಿಕ್ಕ ದೂರವೂ ಉಂಟು: ಈಜು 750 ಮೀಟರು, ಸೈಕಲ್ಲು 20 ಕಿಲೋಮೀಟರು, ಓಟ 5 ಕಿಲೋಮೀಟರು. ಕೊಲ್ಹಾಪುರದಲ್ಲಿ, ಶಿವಾಜಿ ವಿದ್ಯಾಪೀಠದ ಹತ್ತಿರದ ರಾಜಾರಾಮ ಕೆರೆಯಲ್ಲಿ ಈಸಿ ಆರಂಭಿಸುವ ಇಂಥ ಸ್ಪರ್ಧೆಗೆ ಆ ಹುಡುಗನು ಸಿದ್ಧತೆ ನಡೆಸಿದ್ದನು.

ಒಂದು ಸಂಜೆ ಪಡಸಾಲೆಯಲ್ಲಿ ಕುಳಿತು ಅವನು ಚೇಷ್ಟೆಯಿಂದ ಹೇಳಿದನು: “ಅಜ್ಜಾ, ನೀವು ಇಷ್ಟು ವರ್ಷ ಸೈಕಲ್ ಹೊಡದು ಸಾಲಿಗೆ ಹೋಗೀರಿ. ದಿನಾ ಮುಂಜಾನೆ ಊರ ಹೊರಗ ತನಕಾ ನಡೀತೀರಿ. ನಿಮಗ ನೀರೊಂದೇ ಬಾಕಿ ನೋಡ್ರಿ!” ಎಲ್ಲರೂ ನಕ್ಕರು, ನಾನೂ ನಕ್ಕೆನು. ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನೀರು ನನಗೆ ಬಾಕಿ ಉಳಿದದ್ದು 1987ರಿಂದ ಎಂಬದು ಆ ಹುಡುಗನಿಗೆ ಹೇಗೆ ತಿಳಿಯಬೇಕು?

ಆಗ ನಾನು ನೌಕರಿಗೆ ಸೇರಿ ಒಂದು ವರ್ಷವಾಗಿತ್ತು. ನಾನಿದ್ದ ಹಳ್ಳಿಯಲ್ಲಿ ಸಾಲಿಯ ಹಿಂದೆಯೇ ಒಂದು ಬಾವಿ. ಬೇಸಿಗೆಯ ಒಂದು ಮಧ್ಯಾಹ್ನ ನಾಲ್ಕನೆಯ ಇಯತ್ತೆಯ ಹುಡುಗನೊಬ್ಬನು ಕಾಲುಜಾರಿ ಅದರಲ್ಲಿ ಬಿದ್ದನು. ಕೂಗು ಕೇಳಿ ಮೊದಲು ಓಡಿಬಂದವನು ನಾನೇ. ಹುಡುಗನು ಒಮ್ಮೆ ಮುಳುಗಿ ಎದ್ದನು, ಮತ್ತೆ ಮುಳುಗಿದನು. ನಾನು ದಂಡೆಯ ಕಲ್ಲಿನ ಮೇಲೆ ನಿಂತುಕೊಂಡೇ ಇದ್ದೆನು. ಪಾಠಶಾಲೆಯಲ್ಲಿ ಅಮರಕೋಶದ ವಾರಿವರ್ಗವನ್ನು ತಪ್ಪಿಲ್ಲದೆ ಒಪ್ಪಿಸಿ ಗುರುಗಳಿಂದ ಶಾಬಾಸು ಪಡೆದವನು ನಾನು. ನೀರಿಗೆ ಇಪ್ಪತ್ತಕ್ಕೂ ಮಿಕ್ಕಿ ಹೆಸರುಗಳನ್ನು ಬಲ್ಲವನು. ಆ ನೀರಿನಲ್ಲಿ ಕಾಲಿಡಲಾರದೆ ಬರಿದೆ ಕೂಗಿಕೊಂಡೆನು. ಕುರಿ ಕಾಯುತ್ತಿದ್ದ ಮುದುಕನೊಬ್ಬನು ಎಲ್ಲಿಂದಲೋ ಬಂದು ಕಂಬಳಿಯನ್ನು ಬಿಸುಟು ಹಾರಿಕೊಂಡನು, ಹುಡುಗನು ಬದುಕಿದನು. ಮರುದಿನ ಹುಡುಗನ ತಾಯಿಯು, “ನೀವು ಕೂಗಿದ್ದಕ್ಕ ನನ್ನ ಕೂಸು ಉಳೀತ್ರೀ ಮಾಸ್ತರ” ಎಂದು ನನ್ನ ಖೋಲಿಯ ಮುಂದೆ ಒಂದು ತೆಂಗಿನಕಾಯಿಯನ್ನು ಇಟ್ಟು ಹೋದಳು. ಮುದುಕನು ಅಷ್ಟರಲ್ಲಿ ಕುರಿಗಳೊಡನೆ ಮುಂದಿನ ಊರಿಗೆ ಹೊರಟುಹೋಗಿದ್ದನು. ಆ ಕಾಯಿಯನ್ನು ನಾನು ಇಟ್ಟುಕೊಂಡೆನು. ಅದು ನನ್ನದಲ್ಲವೆಂದು ಹೇಳುವ ಧೈರ್ಯವಾಗಲಿಲ್ಲ.

ಹೀಗೆ ಬಾಕಿ ಉಳಿದ ಲೆಕ್ಕವನ್ನು ತೀರಿಸಲೆಂದು ನಾನು ನೀರಿಗಿಳಿದೆನು. ಮೊದಲು ವೈದ್ಯರಲ್ಲಿ ಹೋಗಿ ಹೃದಯವನ್ನೂ ರಕ್ತದ ಒತ್ತಡವನ್ನೂ ಪರೀಕ್ಷೆ ಮಾಡಿಸಿದೆನು. ಅರವತ್ತು ದಾಟಿದವರು ಇದನ್ನು ಮಾಡದೆ ಇಂಥ ಸಾಹಸಕ್ಕೆ ಕೈಹಾಕಬಾರದು. ನನಗೆ ಈಸು ಕಲಿಸಿದವನು ನಮ್ಮ ಹೊಲದ ನೆರೆಯವನು; ಹಿಂದೊಮ್ಮೆ ನನ್ನ ಕೈಯಲ್ಲಿ ಏಳನೆಯ ಇಯತ್ತೆಗೆ ಎರಡು ವರ್ಷ ಕುಳಿತವನು. ಅವನಿಗೆ ನಾನು ಎಷ್ಟು ಸಲ ಸಿಟ್ಟು ಮಾಡಿದ್ದೆನೋ ಲೆಕ್ಕವಿಲ್ಲ. ಅವನು ನನಗೆ ಒಮ್ಮೆಯೂ ಸಿಟ್ಟು ಮಾಡಲಿಲ್ಲ. ಊರ ಹುಡುಗರಿಗೆ ಕಟ್ಟುವಂತೆ ನನ್ನ ಬೆನ್ನಿಗೂ ಒಣಗಿದ ಸೋರೆಬುರುಡೆಗಳನ್ನು ಕಟ್ಟಿ, ನಡುವಿಗೆ ಹಗ್ಗ ಬಿಗಿದು ಇಳಿಸಿದನು. ಮೂರು ವಾರ ನಾನು ನೀರು ಕುಡಿದದ್ದೇ ಕುಡಿದದ್ದು. ಎದೆಯಲ್ಲಿ ಉಸಿರನ್ನು ಬಿಗಿಹಿಡಿದು, ಕೈಕಾಲುಗಳನ್ನು ರಭಸದಿಂದ ಬಡಿದು, ಇದ್ದಲ್ಲಿಯೇ ಇರುತ್ತಿದ್ದೆನು. ಕಡೆಗೆ ಅವನು ಮೆಟ್ಟಿಲ ಮೇಲೆ ಕುಳಿತು, “ಮಾಸ್ತರ, ನೀರಿನ ಕೂಡ ಜಗಳಾ ತಗೀಬ್ಯಾಡ್ರಿ. ಮೊದಲ ಉಸರ ಬಿಡೂದ ಕಲೀರಿ, ತಗೊಳ್ಳೂದು ತಾನಾ ಬರತೈತಿ” ಎಂದನು.

ಪ್ರಾಣಾಯಾಮದ ಪೂರಕ, ಕುಂಭಕ, ರೇಚಕಗಳ ಲಕ್ಷಣವನ್ನು ನಾನು ಎಷ್ಟೋ ಸಲ ಹೇಳಿಕೊಟ್ಟಿದ್ದೆನು. ನೀರಿನಲ್ಲಿ ಹೊಸಬನನ್ನು ಕೆಡಿಸುವದು ಕುಂಭಕವೆಂದು ಅಂದು ತಿಳಿಯಿತು. ಮುಖವು ನೀರೊಳಗಿರುವಾಗ ಮೂಗು ಬಾಯಿಗಳಿಂದ ಉಸಿರನ್ನು ಮೆಲ್ಲಗೆ ಬಿಡುತ್ತಲೇ ಇರಬೇಕು. ಹಾಗಾದರೆ ಮುಖವು ಪಕ್ಕಕ್ಕೆ ಹೊರಳಿದ ಅರೆಕ್ಷಣದಲ್ಲಿ ಹೊಸ ಗಾಳಿಗೆ ಎದೆಯಲ್ಲಿ ಎಡೆ ಇರುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟವಾದುದು. ಅದನ್ನು ಬಲದಿಂದ ಗೆಲ್ಲಹೋದವನು ದಣಿಯುತ್ತಾನೆ, ಮೈಯನ್ನು ನೀಳವಾಗಿ ಚಾಚಿ ಅದರ ಮೇಲೆ ಮಲಗಿದವನು ಮುಂದೆ ಸಾಗುತ್ತಾನೆ. ಬಾವಿಯ ಈ ದಂಡೆಯಿಂದ ಆ ದಂಡೆಗೆ ಬುರುಡೆಯಿಲ್ಲದೆ ಮುಟ್ಟಿದ ದಿವಸ ನಾನು ಮೆಟ್ಟಿಲು ಹಿಡಿದು ಚಿಕ್ಕ ಹುಡುಗನಂತೆ ನಕ್ಕೆನು. ಸೇವಾನಿವೃತ್ತಿಯ ದಿನದ ಶಾಲು ಹಾರಗಳಿಂದಲೂ ನನಗೆ ಅಷ್ಟು ಹರ್ಷವಾಗಿರಲಿಲ್ಲ.

ಸೈಕಲ್ಲಿನ ಪಾಠವು ಸುಲಭವೆಂದು ಬಗೆದಿದ್ದೆನು. ಸೈಕಲ್ಲು ನಮ್ಮ ಸೀಮೆಗೆ ಹೊಸದಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕಡೆಯ ಹುಡುಗ ಹುಡುಗಿಯರು ಸೈಕಲ್ ಪಂದ್ಯಗಳಲ್ಲಿ ಹೆಸರು ಪಡೆದವರು. ಆದರೆ ಮೊಮ್ಮಗನು ಕೊಟ್ಟ ತೆಳುಗಾಲಿಯ ಸೈಕಲ್ಲಿನ ಬಾಗಿದ ಹಿಡಿಕೆಗೆ ಬಗ್ಗಿ ಕುಳಿತಾಗ ಸೊಂಟವು ತನ್ನ ವಯಸ್ಸನ್ನು ಹೇಳಿತು. ಕಬ್ಬು ಕಡಿಯುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಚಿಕ್ಕೋಡಿಯ ರಸ್ತೆಯನ್ನೆಲ್ಲ ಆವರಿಸುತ್ತವೆ. ದಾರಿಯ ಮೇಲೆ ಉದುರಿದ ಕಬ್ಬಿನ ಮೇಲೆ ಗಾಲಿ ಜಾರಿ ಎರಡು ಸಲ ಬಿದ್ದೆನು. ಓಟದಲ್ಲಿ ಮೊಣಕಾಲು ನೋಯಿತು. ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುವ ಕ್ರಮದಿಂದ ಮೆಲ್ಲಮೆಲ್ಲಗೆ ಏರಿಸಿದೆನು. ನಸುಕಿನಲ್ಲಿ ಜೋಳದ ಹೊಲಗಳ ನಡುವೆ ನನ್ನ ಹೆಜ್ಜೆಯ ಸಪ್ಪಳವನ್ನು ನಾನೇ ಕೇಳುತ್ತ ಓಡಿದ ಸುಖವು ಆ ನೋವನ್ನೆಲ್ಲ ಮರೆಯಿಸಿತು.

ಒಂದು ಅಂಗದಿಂದ ಮತ್ತೊಂದಕ್ಕೆ ದಾಟುವ ಸ್ಥಾನವನ್ನು ನಾನು ‘ಸಂಧಿ’ ಎಂದೇ ಕರೆಯುತ್ತೇನೆ. ಈಜಿನ ಕನ್ನಡಕವು ಲೋಪವಾಗುತ್ತದೆ. ಹೆಲ್ಮೆಟ್ಟು ಆಗಮವಾಗಿ ಬರುತ್ತದೆ. ಬರಿಗಾಲಿನ ಸ್ಥಾನದಲ್ಲಿ ಬೂಟು ಆದೇಶವಾಗುತ್ತದೆ. ಇಲ್ಲಿಯೂ ಕಟ್ಟುನಿಟ್ಟಾದ ಸೂತ್ರವುಂಟು: ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿಯುವ ಮೊದಲು ಸೈಕಲ್ಲನ್ನು ಅದರ ನೆಲೆಯಿಂದ ತೆಗೆಯಕೂಡದು. ಎರಡನೆಯ ಸಂಧಿಯು ಇನ್ನೂ ಕಠಿಣ. ಒಂದು ತಾಸು ಸುತ್ತು ತಿರುಗಿದ ಕಾಲುಗಳು ನೆಲಕ್ಕಿಳಿದ ಕೂಡಲೆ ಓಡಲು ಒಪ್ಪುವದಿಲ್ಲ; ಕಂಬಗಳಂತೆ ಭಾರವಾಗುತ್ತವೆ. ಸೈಕಲ್ಲಿನಿಂದ ಇಳಿದೊಡನೆ ಹತ್ತು ನಿಮಿಷ ಓಡುವ ರೂಢಿಯೊಂದೇ ಇದಕ್ಕೆ ಮದ್ದು.

ಇಷ್ಟೆಲ್ಲ ಮಾಡಿಯೂ ಮೊದಲನೆಯ ವರ್ಷ ನಾನು ಸೋತೆನು. ಕೊಲ್ಹಾಪುರದ ಕೆರೆಯ ದಂಡೆಯಲ್ಲಿ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ನಿಂತಾಗ, ತಳ ಕಾಣದ ಆ ನೀರು ಹಳೆಯ ಬಾವಿಯ ನೀರಾಗಿ ತೋರಿತು. ಕಾಲುಗಳು ಮತ್ತೆ ಕಲ್ಲಿಗೆ ಅಂಟಿದವು. ಯಾರಿಗೂ ಹೇಳದೆ ಹಿಂದಕ್ಕೆ ಸರಿದೆನು. ನಿಪ್ಪಾಣಿಯ ವರೆಗೂ ಮೊಮ್ಮಗನೊಡನೆ ಮಾತಾಡಲಿಲ್ಲ. ಆಗ ನನಗೆ ಧೈರ್ಯ ಕೊಟ್ಟದ್ದು ದೂರದ ಇಬ್ಬರ ವೃತ್ತಾಂತ. ಜಪಾನದ ಹಿರೋಮು ಇನಾಡಾ ಅವರು 60ನೆಯ ವಯಸ್ಸಿನಲ್ಲಿ ಈಜನ್ನು ಆರಂಭಿಸಿ, 2018ರಲ್ಲಿ 85ರ ಪ್ರಾಯದಲ್ಲಿ ಹವಾಯಿಯ ಆ ಮಹಾಸ್ಪರ್ಧೆಯನ್ನು ಮುಗಿಸಿದರು. ಅಮೇರಿಕೆಯ ಕ್ರೈಸ್ತ ಸನ್ಯಾಸಿನಿ ಮಡೋನಾ ಬೂಡರ ಅವರು 48ರಲ್ಲಿ ಓಡಲು ತೊಡಗಿ, 2012ರಲ್ಲಿ 82ರ ಪ್ರಾಯದಲ್ಲಿ ಕೆನಡಾದಲ್ಲಿ ಪೂರ್ಣ ದೂರವನ್ನು ದಾಟಿದರು. ಅವರ ದೂರವು ನನಗೆ ಬೇಡ. ನನ್ನ 750 ಮೀಟರುಗಳನ್ನಾದರೂ ದಾಟಬೇಕೆಂದು ಮರುದಿನವೇ ಬಾವಿಗೆ ಹೋದೆನು.

ಮರುವರ್ಷ ಅದೇ ದಂಡೆ. ಸೀಟಿಯಾಯಿತು, ನೂರಾರು ಕೈಗಳು ನೀರನ್ನು ಸೀಳಹತ್ತಿದವು. ಐವತ್ತು ಮೀಟರು ಹೋಗುವಷ್ಟರಲ್ಲಿ ಯಾರದೋ ಹಿಮ್ಮಡಿ ತಾಕಿ ನನ್ನ ಕನ್ನಡಕ ಸರಿಯಿತು, ಬಾಯಿಗೆ ನೀರು ಹೋಯಿತು, ಎದೆ ಬಿಗಿಯಿತು. ಕಾವಲು ದೋಣಿ ಸಮೀಪದಲ್ಲೇ ಇದ್ದಿತು. ಕೈ ಎತ್ತಿದರೆ ಸಾಕಾಗಿತ್ತು. ನಾನು ಅಂಗಾತ ಹೊರಳಿ, ಆಕಾಶವನ್ನು ನೋಡುತ್ತ, ಉಸಿರನ್ನು ಹೊರಗೆ ಬಿಟ್ಟೆನು, ಮತ್ತೊಮ್ಮೆ ಬಿಟ್ಟೆನು. ಬಾಲ್ಯದಲ್ಲಿ ಕಲಿತ ವಾರಿವರ್ಗದ ಹೆಸರುಗಳು ತಾವಾಗಿ ನೆನಪಿಗೆ ಬಂದವು. ಒಂದೊಂದು ಹೆಸರಿಗೆ ಒಂದೊಂದು ಉಸಿರು ಬಿಟ್ಟೆನು. ಹೆಸರುಗಳು ಮುಗಿದ ಮೇಲೆ ಬೋರಲಾಗಿ ತೇಲುಗುಂಡಿನ ದಿಕ್ಕಿಗೆ ಕೈ ಚಾಚಿದೆನು.

ಈಜಿಗೆ 31 ನಿಮಿಷ, ಸೈಕಲ್ಲಿಗೆ 58, ಅರ್ಧ ನಡೆದು ಅರ್ಧ ಓಡಿದ್ದಕ್ಕೆ 47. ಸಂಧಿಗಳನ್ನು ಕೂಡಿಸಿ ಒಟ್ಟು 2 ತಾಸು 22 ನಿಮಿಷ. ನನ್ನ ಹಿಂದೆ ಇಬ್ಬರೇ ಇದ್ದರು. ಮುಗಿಸಿದವರಿಗೆಲ್ಲ ಕೊಡುವ ಪದಕವನ್ನು ಹುಡುಗಿಯೊಬ್ಬಳು ಕೊರಳಿಗೆ ಹಾಕಹೋದಾಗ ನಾನು ಒಂದು ಕ್ಷಣ ಅಳುಕಿದೆನು. ಅಂದು ಆ ಕಾಯಿಯನ್ನು ಇಟ್ಟುಕೊಂಡವನು ನಾನೇ ಅಲ್ಲವೇ?

ಆ ರಾತ್ರಿ ಮನೆಯಾಕೆಗೆ ಎಲ್ಲವನ್ನೂ ಹೇಳಿದೆನು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಆ ಕಾಯಿ ಏನ ಮಾಡಿದ್ರಿ?” ಎಂದು ಕೇಳಿದಳು. “ಚಟ್ನಿ ಅರದು ತಿಂದೆ” ಎಂದೆನು. ಆಕೆ ನಗಲಿಲ್ಲ. ಕುರುಬ ಮುದುಕನ ಹೆಸರನ್ನು ಅಂದೇ ಕೇಳಿಕೊಳ್ಳಬೇಕಾಗಿತ್ತು ಎಂದಳು. ಅದು ನಿಜ. ಲೆಕ್ಕದಲ್ಲಿ ಅಷ್ಟು ಇನ್ನೂ ಬಾಕಿಯೇ ಉಳಿದಿದೆ. ಅದನ್ನು ತೀರಿಸುವ ದಾರಿ ಯಾವ ಸ್ಪರ್ಧೆಯಲ್ಲಿಯೂ ಇಲ್ಲ.

ಈಗ ಬೇಸಿಗೆಯ ಮಧ್ಯಾಹ್ನಗಳಲ್ಲಿ ನಮ್ಮ ಹೊಲದ ಬಾವಿಗೆ ಊರ ಹುಡುಗರು ಈಸಲು ಬರುತ್ತಾರೆ. ನಾನೂ ಹೋಗಿ ಮೆಟ್ಟಿಲ ಮೇಲೆ ಕೂಡ್ರುತ್ತೇನೆ. ಅವರಿಗೆ ನಾನೇನೂ ಕಲಿಸುವದಿಲ್ಲ. ಅವರೇ ನನಗಿಂತ ಚೆನ್ನಾಗಿ ಬಲ್ಲರು. ಅಂಗಿಯನ್ನು ಬಿಚ್ಚಿ ಮಡಚಿ ಪಕ್ಕದಲ್ಲಿಟ್ಟುಕೊಂಡು, ನೀರಿನಲ್ಲಿ ತಲೆಗಳೆಷ್ಟಿವೆ ಎಂದು ಎಣಿಸುತ್ತ ಕೂತಿರುತ್ತೇನೆ.