ಗವಿಪುರದ ಅಕ್ಕಂದಿರು

ಬೀಳ್ಕೊಡುಗೆಯ ಸಮಾರಂಭಗಳಲ್ಲಿ ನನಗೆ ಮೊದಲಿನಿಂದಲೂ ಅಷ್ಟಾಗಿ ಆದರವಿಲ್ಲ. ನಿವೃತ್ತರಾಗತಕ್ಕ ಗುಮಾಸ್ತರಿಗೆ ಮೈಸೂರು ಪೇಟವನ್ನು ತೊಡಿಸಿ, ಏಲಕ್ಕಿ ಹಾರವನ್ನು ಹಾಕಿ, ಅವರು ಕಚೇರಿಯಲ್ಲಿದ್ದಷ್ಟು ಕಾಲವೂ ಅವರನ್ನು ಕಂಡರಾಗದಿದ್ದವರೇ ಮುಂದೆ ನಿಂತು ಗುಣಗಾನ ಮಾಡುವುದನ್ನು ಕೇಳಿ ಕೇಳಿ ಹುಟ್ಟಿದ ಅನಾದರ ಅದು. ಆದ್ದರಿಂದ ಈ ಸಂಕ್ರಾಂತಿಯ ಸಂಜೆ, ಎಳ್ಳುಬೆಲ್ಲದ ನೆಪದಲ್ಲಿ ಗವಿಪುರದ ನಮ್ಮ ಹಳೆಯ ಬೀದಿಗೆ ಹೋಗಿ, ಅಲ್ಲಿ ಮೇಷ್ಟ್ರ ಜಗಲಿಯ ಮೇಲೆ ಜರ್ಮನಿಯ ತರುಣಿಯೊಬ್ಬಳ ಬೀಳ್ಕೊಡುಗೆಗೆ ಸನ್ನಾಹ ನಡೆದಿರುವುದನ್ನು ಕಂಡಾಗ, ಮೆಲ್ಲನೆ ಜಾರಿಕೊಳ್ಳುವ ದಾರಿಯನ್ನೇ ಮೊದಲು ಹುಡುಕಿದೆ. ಆದರೆ ಆ ಸಂಜೆ ಗವಿಪುರದಲ್ಲಿ ದಾರಿಯೆಂಬುದು ಎಲ್ಲಿರುತ್ತದೆ? ಗವಿಯೊಳಗಿನ ಗಂಗಾಧರೇಶ್ವರನ ಲಿಂಗವನ್ನು ಸಂಕ್ರಾಂತಿಯ ಸೂರ್ಯಕಿರಣ ಮುಟ್ಟುವುದನ್ನು ನೋಡಲು ನೆರೆದ ಜನ ಸೂರ್ಯಪಾನ, ಚಂದ್ರಪಾನಗಳೆಂಬ ಆ ಏಕಶಿಲೆಯ ಚಕ್ರಗಳ ಸುತ್ತಲಿನ ಅಂಗಳವನ್ನು ತುಂಬಿ, ಬೀದಿಗೂ ಇಳಿದಿದ್ದರು. ತಿರುಗಿ ನಿಂತ ನಾನು ನೇರವಾಗಿ ಮೇಷ್ಟ್ರ ಕಣ್ಣಿಗೆ ಬಿದ್ದೆ.

“ಏನಯ್ಯಾ, ಸೂರ್ಯನನ್ನು ನೋಡಲು ಬಂದೆಯೋ, ನನ್ನನ್ನೋ? ಇರಲಿ, ಕುಳಿತುಕೋ” ಎಂದರು.

ಮೇಷ್ಟ್ರು ಗಣಿತದಿಂದ ನಿವೃತ್ತರಾಗಿ ಬಹುಕಾಲವಾಯಿತು; ಗಣಿತ ಮಾತ್ರ ಅವರಿಂದ ಇನ್ನೂ ನಿವೃತ್ತವಾಗಿಲ್ಲ. ಮಳೆಯಿರಲಿ ಬಿಸಿಲಿರಲಿ ಕಂಕುಳಲ್ಲಿ ಛತ್ರಿ, ಜೇಬಿನಲ್ಲಿ ಸೀಮೆಸುಣ್ಣದ ತುಂಡು. ಅಂಗಡಿಯ ಹಲಗೆಯಲ್ಲಿ ಒತ್ತಕ್ಷರ ತಪ್ಪಿದ್ದರೆ ಅವರು ನಿಂತು ತಿದ್ದದೆ ಮುಂದಕ್ಕೆ ಹೋದದ್ದನ್ನು ಯಾರೂ ಕಂಡಿಲ್ಲ. ತರಕಾರಿ ಅಂಗಡಿಯವನೊಬ್ಬ ಇದರಿಂದ ಬೇಸತ್ತು, ಬೆಲೆಗಳನ್ನು ಬರೆಯುವುದನ್ನೇ ಬಿಟ್ಟು ಬಾಯಲ್ಲಿ ಹೇಳತೊಡಗಿದ್ದಾನೆ. ಸಂಜೆಯಾದೊಡನೆ ಹೂ ಕಟ್ಟುವವರ, ಆಟೋ ಓಡಿಸುವವರ, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರ ಮಕ್ಕಳು ಗುಟ್ಟಹಳ್ಳಿಯ ಕಡೆಯಿಂದಲೂ ಕೆಂಪಾಂಬುಧಿಯ ಕಡೆಯಿಂದಲೂ ಬಂದು ಜಗಲಿಯನ್ನು ತುಂಬುತ್ತಾರೆ. ಶುಲ್ಕವಿಲ್ಲ, ಆದರೆ ಮಗ್ಗಿಯನ್ನು ಒಪ್ಪಿಸದೆ ಮನೆಗೆ ಹೋಗುವಂತೆಯೂ ಇಲ್ಲ. ಅದೂ ಪೂರ್ಣಾಂಕದ ಮಗ್ಗಿ ಮುಗಿದ ಮೇಲೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳು. ಇವುಗಳ ಪ್ರಯೋಜನವೇನೆಂದು ಕೇಳಿದ ಪೋಷಕರೊಬ್ಬರಿಗೆ, “ಪ್ರಯೋಜನವಿದ್ದುದನ್ನೇ ಕಲಿಯುವುದಾದರೆ ನಿಮ್ಮ ಮಗನಿಗೆ ಈಗಲೇ ಒಂದು ಅಂಗಡಿ ಹಾಕಿಕೊಡಿ” ಎಂದರಂತೆ.

ಈ ಜಗಲಿಗೆ ಕೆಲವು ವರ್ಷಗಳಿಂದ, ಒಂದು ಸಂಸ್ಥೆಯ ಮೂಲಕ, ಪರದೇಶದ ತರುಣ ತರುಣಿಯರು ಬಂದು ಇಂಗ್ಲಿಷು ಹೇಳಿಕೊಡುತ್ತಿದ್ದಾರೆ. ಪರದೇಶದವರು ಗವಿಪುರಕ್ಕೆ ಬಂದು ಹೋಗುವುದು ಹೊಸತೇನಲ್ಲ. 1792ರಷ್ಟು ಹಿಂದೆಯೇ ಡೇನಿಯಲ್ ಎಂಬ ಆಂಗ್ಲ ಚಿತ್ರಕಾರ ಈ ಗುಡಿಯನ್ನು ಬರೆದುಕೊಂಡು ಹೋಗಿದ್ದಾನೆ. ಆದರೆ ಸೇವೆಗೆಂದು ಅವಧಿಯನ್ನು ಗೊತ್ತುಮಾಡಿಕೊಂಡು ಬರುವ ಪದ್ಧತಿ ಈಚಿನದು. ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬ ಶಾಂತಿವಾದಿ 1934ರ ಭೂಕಂಪದಲ್ಲಿ ನೆಲಸಮವಾದ ಬಿಹಾರದ ಹಳ್ಳಿಗಳನ್ನು ಕಟ್ಟಲು ಕೆಲವರೊಡನೆ ಬಂದುದನ್ನೂ, 1961ರಲ್ಲಿ ಕೆನೆಡಿಯವರು ಸ್ಥಾಪಿಸಿದ ಪೀಸ್ ಕೋರಿನ ಅಮೆರಿಕನ್ನರು ನಮ್ಮ ಮೈಸೂರು ಸೀಮೆಯಲ್ಲಿಯೂ ಓಡಾಡಿದುದನ್ನೂ ಬಲ್ಲವರು ಬಲ್ಲರು. ಜರ್ಮನಿಯ ಸರ್ಕಾರ 2008ರಲ್ಲಿ ಆರಂಭಿಸಿದ ‘ವೆಲ್ಟ್‌ವೆರ್ಟ್ಸ್’ ಎಂಬ ಯೋಜನೆ ಹದಿನೆಂಟರಿಂದ ಇಪ್ಪತ್ತೆಂಟರೊಳಗಿನವರನ್ನು ಹೀಗೆ ದೇಶಾಂತರಕ್ಕೆ ಕಳುಹಿಸುತ್ತದೆ. ಈ ಹುಡುಗಿ ಅದರಡಿಯಲ್ಲಿ ಆಗಸ್ಟಿನಲ್ಲಿ ಬಂದವಳು. ಜನವರಿಯ ಕೊನೆಗೆ ಹೊರಡತಕ್ಕವಳು.

ಅವಳ ಕಣ್ಣು ಆಗಲೇ ಕೆಂಪಾಗಿತ್ತು. ಸೋಜಿಗವೆಂದರೆ, ಮಕ್ಕಳಲ್ಲಿ ಒಬ್ಬರೂ ಅಳುತ್ತಿರಲಿಲ್ಲ. ಎರಡು ಜಡೆಯ ಪುಟ್ಟಿಯೊಬ್ಬಳು ಅವಳ ಕೈ ಹಿಡಿದು, ಬಹಳ ಅನುಭವಸ್ಥಳ ಗಾಂಭೀರ್ಯದಿಂದ, “ಅಳಬೇಡಿ ಅಕ್ಕಾ, ಹೋದ ಸಲದ ಅಕ್ಕನೂ ಹೀಗೇ ಅತ್ತರು, ಊರಿಗೆ ಹೋದ ಮೇಲೆ ಸರಿಹೋಯಿತಂತೆ” ಎಂದು ಸಮಾಧಾನ ಹೇಳುತ್ತಿದ್ದಳು. ಇನ್ನೊಬ್ಬ ಹುಡುಗನಿಗೆ ಮುಂದೆ ಬರುವ ಅಕ್ಕ ಕೇರಂ ಆಡುತ್ತಾಳೆಯೇ ಎಂಬುದೊಂದೇ ಚಿಂತೆ. ಅಗಲಿಕೆಯಲ್ಲಿ ಇಷ್ಟು ಪಳಗಿದ ಮಕ್ಕಳನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಬರುವ ಪ್ರತಿಯೊಬ್ಬ ಅಕ್ಕನಿಗೂ ಇದು ಮೊದಲನೆಯ ಬೀಳ್ಕೊಡುಗೆ. ಮಕ್ಕಳಿಗೆ ಇದು ವಾರ್ಷಿಕೋತ್ಸವ. ನಗು ಬಂದಿತಾದರೂ, ಎಂಟು ವರ್ಷದ ಮಗುವಿಗೆ ಈ ವಿದ್ಯೆಯನ್ನು ಕಲಿಸಿದವರು ಯಾರು ಎಂದು ಯೋಚಿಸಿದಾಗ ಆ ನಗು ಉಳಿಯಲಿಲ್ಲ.

“ಹುಡುಗಿ ಒಳ್ಳೆಯವಳು, ಅನುಮಾನವಿಲ್ಲ” ಎಂದರು ಮೇಷ್ಟ್ರು. “ಬಂದಾಗ ಈ ಮಕ್ಕಳ ಗಲಾಟೆಗೆ ಹೆದರಿ ಮೂಲೆಯಲ್ಲಿ ಕುಳಿತಿದ್ದಳು. ಯಾವ ಮಗುವಿಗೆ ಗದರಬೇಕು, ಯಾವುದಕ್ಕೆ ಮೊದಲು ಹೊಟ್ಟೆಗೆ ಹಾಕಬೇಕು ಎಂಬುದು ಗೊತ್ತಾದದ್ದು ದೀಪಾವಳಿಯ ತರುವಾಯ. ಈಗ ಕೆಲಸಕ್ಕೆ ಬಂದಳು, ಈಗ ಹೊರಟಳು. ಪರೀಕ್ಷೆ ಮಾರ್ಚಿನಲ್ಲಿ, ಅವಧಿ ಮುಗಿಯುವುದು ಜನವರಿಯಲ್ಲಿ! ಈ ಲೆಕ್ಕ ಹಾಕಿದವರು ಯಾವ ಶಾಲೆಯಲ್ಲಿ ಓದಿದರೋ!”

ಅಷ್ಟರಲ್ಲಿ ಗುಡಿಯ ಕಡೆಯಿಂದ ಘಂಟಾನಾದವೂ ಜನರ ಉದ್ಘೋಷವೂ ಕೇಳಿಬಂದುವು. ನಂದಿಯ ಕೊಂಬುಗಳ ನಡುವಣಿಂದ ಹಾದ ಕಿರಣ ಲಿಂಗವನ್ನು ಮುಟ್ಟಿರಬೇಕು. ಮೇಷ್ಟ್ರು ಛತ್ರಿಯ ತುದಿಯಿಂದ ಅತ್ತ ತೋರಿಸಿದರು. “ನೋಡಯ್ಯಾ, ಸೂರ್ಯ ಬಂದು ನಾಲ್ಕು ನಿಮಿಷ ಇಣುಕಿ ಹೋಗುವುದಕ್ಕೆ ಊರೆಲ್ಲ ಸೇರಿದೆ. ವರ್ಷವೆಲ್ಲ ಆ ಕತ್ತಲಲ್ಲಿ ದೇವರನ್ನು ತೋರಿಸುವುದು ಅರ್ಚಕರು ಹಚ್ಚುವ ಎಣ್ಣೆಯ ದೀಪ. ಅದರ ಚಿತ್ರ ತೆಗೆದವನುಂಟೆ? ಇನ್ನೊಂದು ವಿಷಯ. ಈ ಸೂರ್ಯ ಇದೇ ದಾರಿಯಲ್ಲಿ ನವೆಂಬರಿನ ಕಡೆಯಲ್ಲಿಯೂ ಒಮ್ಮೆ ಬಂದು ಹೋಗುತ್ತಾನೆ, ಗೊತ್ತೆ?”

ಖಗೋಳವನ್ನು ಬಲ್ಲ ಯಾರೋ ಗವಿಯಲ್ಲಿ ಕುಳಿತು ಅಳೆದು ಹೀಗೆಂದು ನಿರ್ಣಯಿಸಿದುದನ್ನು ನಾನೂ ಎಲ್ಲಿಯೋ ಓದಿದ್ದೆ. ದಕ್ಷಿಣಕ್ಕೆ ಇಳಿಯುವಾಗ ಒಮ್ಮೆ, ತಿರುಗಿ ಉತ್ತರಕ್ಕೆ ಏರುವಾಗ ಇನ್ನೊಮ್ಮೆ ಸೂರ್ಯ ಆಕಾಶದ ಅದೇ ಎತ್ತರವನ್ನು ದಾಟಲೇಬೇಕಷ್ಟೆ. ಡಿಸೆಂಬರಿನ ಅಯನಕ್ಕೆ ಅತ್ತ ಸುಮಾರು ಇಪ್ಪತ್ತಮೂರು ದಿನ, ಇತ್ತಲೂ ಸುಮಾರು ಅಷ್ಟೇ ದಿನ. ಮೊದಲನೆಯ ಆಗಮನಕ್ಕೆ ಪಂಚಾಂಗದಲ್ಲಿ ಹಬ್ಬವಿಲ್ಲವಾಗಿ ಜಾತ್ರೆಯೂ ಇಲ್ಲ.

ಮೇಷ್ಟ್ರ ಮಾತಿನಲ್ಲಿ ಸ್ವಲ್ಪ ಅಸೂಯೆಯಿತ್ತೆಂದು ನನಗೆ ತೋರಿತು, ಇರಬಾರದೇಕೆ? ಆದರೆ ಅವರ ಮುನಿಸು ಆ ಹುಡುಗಿಯ ಮೇಲಿನದಲ್ಲ. 1898ರಲ್ಲಿ ಪರದೇಶದಿಂದ ಬಂದು ಕಲ್ಕತ್ತೆಯ ಬಾಗ್‌ಬಜಾರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ನಿವೇದಿತಾ ಈ ನೆಲವನ್ನೇ ತನ್ನದಾಗಿಸಿಕೊಂಡು ಇಲ್ಲಿಯೇ ಮಡಿದಳು ನಿಜ. ಇಪ್ಪತ್ತು ವರ್ಷದ ಎಲ್ಲರಿಂದಲೂ ಅದನ್ನು ಅಪೇಕ್ಷಿಸುವುದು ಅನ್ಯಾಯ. ಮನೆಗೆ ಹೋಗಬೇಕಾದವರು ಹೋಗಬೇಕು. ಹೋಗಬೇಕಾದ ಅಗತ್ಯವಿಲ್ಲದ ನಮ್ಮ ಸಂಗತಿಯೇನು? ಇಲ್ಲಿಂದ ಕೂಗಳತೆಯಲ್ಲಿರುವ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು ಮಕ್ಕಳ ಕೂಟವನ್ನು ಕಟ್ಟಿದಾಗ ಯಾವ ದೇಶದಿಂದಲೂ ಯಾರೂ ಬರಬೇಕಾಗಿರಲಿಲ್ಲ. ಇಂದು ನಮ್ಮ ಬೀದಿಯ ಮಕ್ಕಳು ಕ್ಯಾಲಿಫೋರ್ನಿಯದಲ್ಲಿ ಶನಿವಾರ ಭಾನುವಾರ ಕೂಡಿ ಅಲ್ಲಿಯ ಮಕ್ಕಳಿಗೆ ಅಆಇಈ ಹೇಳಿಕೊಡುತ್ತಾರೆ, ಸಂತೋಷವೇ. ಅವರ ತಂದೆತಾಯಿಗಳು ಮೇಷ್ಟ್ರ ಎದುರು ಮನೆಯ ಗೇಟಿನೊಳಗೆ ಪಿಂಚಣಿ ಪಡೆದು ಕುಳಿತು, ಸಂಜೆಯ ಹೊತ್ತು ಈ ಮಕ್ಕಳ ಗದ್ದಲ ಹೆಚ್ಚಾಯಿತೆಂದು ದೂರುತ್ತಾರೆ.

ಸಭೆ ಆರಂಭವಾಯಿತು. ಹಾರ, ಸಂಸ್ಥೆಯವರ ಭಾಷಣ, ಫೋಟೋ ಎಲ್ಲವೂ ಆದುವು. ಎರಡು ಮಾತನಾಡಬೇಕೆಂದಾಗ ಮೇಷ್ಟ್ರು ಎದ್ದು, “ಹದಿಮೂರರ ಮಗ್ಗಿ ಬಾಕಿಯಿದೆ. ಒಪ್ಪಿಸಿ ಹೋಗು, ತಾಯಿ” ಎಂದು ಕುಳಿತುಬಿಟ್ಟರು. ಹುಡುಗಿ ಕಣ್ಣೊರಸಿಕೊಂಡು ಆರಂಭಿಸಿದಳು, ಹದಿಮೂರೆಂಟಕ್ಕೆ ತಡವರಿಸಿದಾಗ ಮಕ್ಕಳೆಲ್ಲ ಒಕ್ಕೊರಲಿನಿಂದ “ನೂರನಾಲ್ಕು!” ಎಂದು ಕೂಗಿದರು; ಆಗ ಅವಳೂ ನಕ್ಕಳು.

ಮರುದಿನ ಬೆಳಿಗ್ಗೆ ಜಗಲಿಯ ಹಲಗೆಯ ಮೇಲೆ ಮೇಷ್ಟ್ರ ಮುದ್ದಾದ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: “ಮುಂದಿನ ತಿಂಗಳಿನಿಂದ ಇಂಗ್ಲಿಷು ಹೇಳಿಕೊಡಲು ಜನ ಬೇಕು. ಸ್ಥಳೀಯರೂ ಅರ್ಜಿ ಹಾಕಬಹುದು.” ಎದುರು ಮನೆಯವರು ಗೇಟಿಗೆ ಬಂದು ಅದನ್ನು ಕನ್ನಡಕ ಹಾಕಿಕೊಂಡು ಓದಿ, ಒತ್ತಕ್ಷರಗಳೆಲ್ಲ ಸರಿಯಾಗಿವೆಯೆಂದು ಮೆಚ್ಚಿ, ಒಳಗೆ ಹೋದರು.